ಹೊಟ್ಟೆಗೆ ಹತ್ತಿದ ತಂಬಿಗೆ

“ಇವತ್ತಿನಿಂದ ಈ ಮನಿಯಾಗ ಜೋಳದ ರೊಟ್ಟಿ ಬಂದ್! ಇದು ನನ್ನ ಕಡೀ ಮಾತು!”

ಮಲ್ಲೇಶ ಮಾಸ್ತರು ಸಿಂಧನೂರಿನ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ಎಡಗೈಯಿಂದ ಹೊಟ್ಟೆ ಹಿಡಿದು, ಬಲಗೈ ಮೇಲೆತ್ತಿ ಹೀಗೆ ಘೋಷಿಸಿದರು. ಗೋಡೆಯ ಮೇಲಿನ ಬುದ್ಧ ಎಂದಿನಂತೆ ಶಾಂತನಾಗಿದ್ದ. ಪಕ್ಕದ ಫೋಟೊದಲ್ಲಿದ್ದ ಬಾಬಾಸಾಹೇಬರು ಕನ್ನಡಕದೊಳಗಿಂದ ನೋಡುತ್ತಿದ್ದರು. ಘೋಷಣೆಗೆ ಮೊದಲು ಉತ್ತರ ಕೊಟ್ಟದ್ದು ಮಾಸ್ತರರ ಹೊಟ್ಟೆಯೇ. ಅದು ಗುಡುಗುಡು ಎಂದು ಒಂದು ಸುತ್ತು ಉರುಳಿ, ಮೇಲಕ್ಕೇರಿ, ಗಂಟಲಲ್ಲಿ “ಡರ್‌ರ್‌” ಎಂದು ಮುಗಿಯಿತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಅನುಪಮಾ ಅಲ್ಲಿಂದಲೇ ಕೇಳಿದಳು. “ಮಾತು ಮುಗೀತೇನ್ರಿ, ಇನ್ನೂ ಐತೇನು?”

“ನಗಬ್ಯಾಡ ಅನು! ಹೊಟ್ಟಿ ನೋಡಿಲ್ಲಿ. ಮುಂಜಾನೆ ಹಲಗಿ ಇದ್ದಂಗ ಇತ್ತು, ಸಂಜಿಗೆ ನಗಾರಿ ಆಗೈತಿ. ಎಲ್ಲಾ ನಿಮ್ಮ ಸಂತೆಕಲ್ಲೂರ ಜೋಳದ ಪ್ರತಾಪ!”

“ನಮ್ಮ ಸಂತೆಕಲ್ಲೂರ ಮಂದಿ ಹಲ್ಲು ಬಂದಾಗಿಂದ ಅದನ್ನ ತಿಂತಾರ. ಅವರ ಹೊಟ್ಟಿ ಯಾಕ ಉಬ್ಬಿಲ್ಲ?”

“ಅವರ ಹೊಟ್ಟಿ ಬ್ಯಾರೆ, ನಮ್ಮ ಹೊಟ್ಟಿ ಬ್ಯಾರೆ. ನಾನು ವಳಕಮದಿನ್ನಿಯವ. ಕಾಲುವೆ ನೀರು ಕುಡದು, ಅನ್ನಾ ಉಂಡು ಬೆಳದ ಹೊಟ್ಟಿ ಇದು!”

ಅನುಪಮಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ರೊಟ್ಟಿ ಮ್ಯಾಲ ತಪ್ಪು ಹಾಕಬ್ಯಾಡ್ರಿ. ಲಿಂಗಸುಗೂರಿಗೆ ಹೊಟ್ಟಿ ಡಾಕ್ಟರ್ ಬಂದಾರ, ತೋರಸೂಣು ಬರ್ರಿ ಅಂತ ಎಷ್ಟ್ ಸಲ ಹೇಳೀನಿ? ನೀವು ದಿನಾ ನುಂಗೋ ಆ ಗುಳಿಗಿ ಬಗ್ಗೇನೂ ಒಂದ್ ಮಾತು ಕೇಳೂಣು.”

“ಡಾಕ್ಟರಾ? ನನಗಾ?” ಎಂದು ಮಾಸ್ತರು ನಕ್ಕರು.

ಅವರು ನಗುವುದಕ್ಕೂ ಕಾರಣವಿತ್ತು. ಬಳಗಾನೂರಿನ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮಾಸ್ತರು. ಜೀರ್ಣಾಂಗವ್ಯೂಹದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬಿಡಿಸುವವರು. ಸಣ್ಣ ಕರುಳನ್ನು ಅವರು ಜಿಲೇಬಿಯ ಹಾಗೆ ಸುತ್ತಿ ಸುತ್ತಿ ಬರೆಯುವುದನ್ನು ನೋಡಿ ಹಿಂದಿನ ಬೆಂಚಿನವರಿಗೆ ಹಸಿವಾಗುತ್ತಿತ್ತಂತೆ! ಇಂಥ ಮಹಾನುಭಾವರ ಹೊಟ್ಟೆಯೊಳಗೆ ಏನಿದೆ ಎಂದು ಇನ್ನೊಬ್ಬರು ಹೇಳುವುದೇ? ಅದೂ ಫೀಸು ಕೊಟ್ಟು ಕೇಳುವುದೇ? ಛೆ!

ಅವರ ವೈದ್ಯ ಅವರ ಅಂಗಿಯ ಜೇಬಿನಲ್ಲೇ ಇದ್ದ. ಚಾಕ್‌ಪೀಸಿನ ಪಕ್ಕದಲ್ಲಿ ಒಂದು ಪಟ್ಟಿ ಗುಳಿಗೆ. ಎಂದೋ ಒಮ್ಮೆ ಎದೆಯುರಿ ಬಂದಾಗ ಯಾರೋ ಡಾಕ್ಟರು ಒಂದಷ್ಟು ದಿನದ ಮಟ್ಟಿಗೆ ಬರೆದುಕೊಟ್ಟ ಗುಳಿಗೆ ಅದು. ಹೊಟ್ಟೆಯ ಆಮ್ಲ ಕಡಿಮೆ ಮಾಡುವಂಥದ್ದು. ಆ ದಿನಗಳು ಮುಗಿದು ವರ್ಷಗಳೇ ಉರುಳಿದರೂ ಮಾಸ್ತರು ಮುಂಜಾನೆ ಚಹಾಕ್ಕಿಂತ ಮೊದಲು ಅದನ್ನು ನುಂಗುವುದು ಬಿಟ್ಟಿರಲಿಲ್ಲ. ತಾವಷ್ಟೇ ನುಂಗಿದ್ದರೆ ಹಾಳಾಗಿ ಹೋಗಲಿ. ಸ್ಟಾಫ್‌ರೂಮಿನಲ್ಲಿ ಯಾರು ತೇಗಿದರೂ, “ತಗೋ, ಒಂದು ಹಾಕ್ಕೊ” ಎಂದು ಕರ್ಣನ ಹಾಗೆ ದಾನ ಮಾಡುತ್ತಿದ್ದರು. ಮಲ್ಲೇಶ ಮಾಸ್ತರರಿಗೆ ‘ಗ್ಯಾಸ್ ಸರ್’ ಎಂದು ಆಟದ ಮಾಸ್ತರು ಯಂಕೋಬ ಬಿರುದನ್ನೇ ದಯಪಾಲಿಸಿದ್ದರು.

ಇರಲಿ. ರೊಟ್ಟಿ ಬಂದಾಯಿತು. ಬರೀ ಅನ್ನ, ಚೂರು ಉಪ್ಪು, ಚೂರು ತುಪ್ಪ. ಆಶ್ಚರ್ಯವೆಂದರೆ ನಗಾರಿಯ ಸದ್ದು ಸ್ವಲ್ಪ ಇಳಿಯಿತು! ಮಾಸ್ತರು ಗೆದ್ದ ಪೈಲ್ವಾನನಂತೆ ಮನೆಯಲ್ಲೆಲ್ಲ ಓಡಾಡಿದರು. “ನೋಡಿದಿ? ಪ್ರಯೋಗ, ವೀಕ್ಷಣೆ, ತೀರ್ಮಾನ! ಅಪರಾಧಿ ರೊಟ್ಟಿನ!” ಮರುದಿನ ಅನ್ನದ ಜೊತೆ ಬೇಳೆ ಸಾರು ಬಿತ್ತು, ನಗಾರಿ ಮತ್ತೆ ಶುರುವಾಯಿತು. ಬೇಳೆ ಬಂದಾಯಿತು. ಆಮೇಲೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಶೇಂಗಾ ಚಟ್ನಿ ಒಂದೊಂದಾಗಿ ಗಡೀಪಾರಾದವು. ಮುನ್ಸಿಪಾಲ್ಟಿಯವರು ಅತಿಕ್ರಮಣ ತೆರವು ಮಾಡಿದ ಬೀದಿಯ ಹಾಗೆ ಅಡುಗೆಮನೆ ಬೋಳಾಯಿತು. ತೆರವಾಗದೆ ಉಳಿದದ್ದು ಗುಳಿಗೆಯೊಂದೇ.

ಅಷ್ಟಕ್ಕೇ ಸುಮ್ಮನಿದ್ದರೆ ಮಾಸ್ತರು ಮಾಸ್ತರೇ ಅಲ್ಲ. ಸಂತೆಕಲ್ಲೂರಿನಲ್ಲಿ ಅನುಪಮಾಳ ತಮ್ಮನ ಮದುವೆಯ ಊಟದಲ್ಲಿ, ಬಂಧುಬಳಗವೆಲ್ಲ ಸಾಲಾಗಿ ಕೂತಿದ್ದಾಗ, “ನನ್ನ ಹೊಟ್ಟಿ ಕೆಡಿಸಿದ್ದು ನಿಮ್ಮ ಮಗಳ ರೊಟ್ಟಿ ನೋಡ್ರಿ. ರೊಟ್ಟಿ ಅಲ್ಲ ಅದು, ಸಿಮೆಂಟ್!” ಎಂದುಬಿಟ್ಟರು. ಸಾಲಿಗೆ ಸಾಲೇ ನಕ್ಕಿತು. ಅನುಪಮಾ ನಗಲಿಲ್ಲ. ಸಿಂಧನೂರಿನ ಪೋಸ್ಟಾಫೀಸಿನಲ್ಲಿ ದಿನವಿಡೀ ದುಡಿದು ಬಂದು, ಸಂಜೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಹೆಣ್ಣುಮಗಳು ಆಕೆ. ಅಲ್ಲಿಯ ತನಕ ತನ್ನ ಮಟ್ಟಿಗಾದರೂ ರೊಟ್ಟಿ ಬಡಿದುಕೊಳ್ಳುತ್ತಿದ್ದಳು, ಅಂದಿನಿಂದ ಮನೆಯಲ್ಲಿ ಆ ಸಪ್ಪಳವೂ ನಿಂತಿತು. ಎರಡು ವರ್ಷದಿಂದ ಇದ್ದ ಒಂದು ಮಾತೂ ನಿಂತಿತು. “ಡಾಕ್ಟರಿಗೆ ತೋರಸ್ರಿ” ಎನ್ನುವುದನ್ನು ಆಕೆ ಬಿಟ್ಟೇಬಿಟ್ಟಳು.

ಇತ್ತ ಹೊಟ್ಟೆ ಬೆಳೆಯುತ್ತ ಮಾಸ್ತರು ಸೊರಗತೊಡಗಿದರು. ಕುತ್ತಿಗೆ ಸಣ್ಣ, ಕೈ ಸಣ್ಣ, ನಡುವೆ ಮಾತ್ರ ಗುಡಾಣ! ಮುಂಜಾನೆ ಜಾರುವ ಪ್ಯಾಂಟು ಸಂಜೆ ಗುಂಡಿ ಹಾಕಿಸಿಕೊಳ್ಳುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು. ಪಾದಗಳಲ್ಲಿ ಇರುವೆ ಹರಿದಂತೆ ಜುಮುಜುಮು.

ಇದನ್ನೆಲ್ಲ ನೋಡುತ್ತಿದ್ದ ತಾಯಿ ಗದ್ದೆಮ್ಮ ಒಂದು ದಿನ ತನ್ನ ತೀರ್ಪು ಕೊಟ್ಟಳು. “ಮಲ್ಲ್ಯಾ, ನಿನ್ನ ಬಟ್ಟಿ ಸರದೈತೋ. ಸಂತೆಕಲ್ಲೂರ ಅಯ್ಯಮ್ಮನ ಹತ್ರ ಹೋಗಿ ತಂಬಗಿ ಹಚ್ಚಿಸ್ಕೊಂಡು ಬಾ.”

ಹೊಕ್ಕುಳಲ್ಲಿ ಮಿಡಿಯುವ ಬಟ್ಟಿ ಜಾಗ ಬಿಟ್ಟು ಸರಿದರೆ ಹೊಟ್ಟೆಯ ರೋಗವೆಲ್ಲ ಬರುತ್ತದೆಂದು ಈ ಕಡೆ ನಂಬಿಕೆ. ಹೊಕ್ಕುಳ ಮೇಲೆ ಸಣ್ಣ ದೀಪ ಹಚ್ಚಿ, ತಂಬಿಗೆ ಬೋರಲು ಹಾಕಿದರೆ ಅದು ಗಬಕ್ಕನೆ ಹೊಟ್ಟೆಯನ್ನು ಕಚ್ಚಿಕೊಳ್ಳುತ್ತದೆ. ಸರಿದ ಬಟ್ಟಿಯನ್ನು ಅದು ಎಳೆದು ಜಾಗಕ್ಕೆ ತರುತ್ತದಂತೆ.

“ಯವ್ವಾ!” ಎಂದು ಮಾಸ್ತರು ಗುಡುಗಿದರು. “ವಿಜ್ಞಾನದ ಮಾಸ್ತರನ ಮುಂದ ಈ ಮಾತು ಆಡ್ತಿಯೇನಬೇ? ಬಟ್ಟಿ ಅನ್ನೋ ಅಂಗಾನ ದೇಹದಾಗ ಇಲ್ಲ! ಬರೋ ಐತವಾರ ಮಸ್ಕಿಯಾಗ ನನ್ನ ಭಾಷಣ ಐತಿ. ಇದರ ಮ್ಯಾಲೇ ಐತಿ. ಅಯ್ಯಮ್ಮನ ಬಣ್ಣಾ ಬಯಲು ಮಾಡ್ತೀನಿ!”

ಮಸ್ಕಿಯ ಒಂದು ಮಹಿಳಾ ಸಂಘ ಮೂಢನಂಬಿಕೆಯ ವಿರುದ್ಧ ಕಾರ್ಯಕ್ರಮ ಇಟ್ಟುಕೊಂಡಿತ್ತು, ಮುಖ್ಯ ಭಾಷಣಕ್ಕೆ ಮಲ್ಲೇಶ ಮಾಸ್ತರರನ್ನೇ ಕರೆದಿತ್ತು. ‘ವಿಚಾರವಂತ ಮಾಸ್ತರು’ ಎಂದು ಸುತ್ತಲ ತಾಲೂಕಿನಲ್ಲೆಲ್ಲ ಅವರಿಗೆ ಹೆಸರು. ಬೆಂಕಿ ತುಳಿಯುವುದರ ಗುಟ್ಟು, ತಾಯಿತದ ಗುಟ್ಟು ಬಿಚ್ಚಿಟ್ಟು ಗಳಿಸಿದ ಹೆಸರು. ತಂದೆ ಗದ್ದೆಪ್ಪ ಪರರ ಗದ್ದೆಯಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದ್ದು ತಲೆಬಾಗಿಸಲಿಕ್ಕಲ್ಲ, ತಲೆ ಓಡಿಸಲಿಕ್ಕೆ ಎಂದು ಅವರು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ಹೊಟ್ಟೆ ಹೋದರೂ ಆ ಹೆಸರು ಹೋಗಬಾರದು ಎನ್ನುವ ಜಾತಿಯವರು ಅವರು.

ಐತವಾರ ಬಂತು. ಮುಂಜಾನೆ ಎದ್ದರೆ ಹೊಟ್ಟೆ ಹಲಗೆಯಾಗಿರಲೇ ಇಲ್ಲ. ರಾತ್ರಿಯ ನಗಾರಿ ಹಾಗೇ ಕೂತಿತ್ತು. ಬಗ್ಗಿದರೆ ನೋವು, ಕೂತರೆ ನೋವು. ಎರಡು ಗುಳಿಗೆ ಒಟ್ಟಿಗೆ ನುಂಗಿದರೂ ಜಗ್ಗಲಿಲ್ಲ. ಅನುಪಮಾ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದಳು. ಗದ್ದೆಮ್ಮ ಹತ್ತಿರ ಬಂದು ಕಿವಿಯಲ್ಲಿ ಉಸುರಿದಳು.

“ಹೆಂಗೂ ಮಸ್ಕಿಗೆ ಹೊಂಟಿ. ಸಂತೆಕಲ್ಲೂರು ಅಲ್ಲಿಂದ ಎಷ್ಟು ದೂರ? ಯಾರಿಗೂ ಗೊತ್ತಾಗಂಗಿಲ್ಲ ತಮ್ಮಾ. ಮನಿ ತಂಬಗೀನ ಒಯ್ಯಬೇಕು ನೋಡು. ಮಂದಿ ತಂಬಗಿ ನಮ್ಮ ಹೊಟ್ಟಿಗೆ ನಡೆಯಂಗಿಲ್ಲ.”

“ಹುಚ್ಚು ಮಾತು!” ಎಂದರು ಮಾಸ್ತರು. ಎಂದವರೇ ಅಡುಗೆಮನೆಗೆ ಹೋದರು. ಭಾಷಣದ ಪ್ರಯೋಗಕ್ಕೆಂದು ಚೀಲದಲ್ಲಿ ಮೊಂಬತ್ತಿ, ತಟ್ಟೆ, ಗಾಜಿನ ಗ್ಲಾಸು ಆಗಲೇ ಇದ್ದವು. ಅವುಗಳ ನಡುವೆ ಒಂದು ಸಣ್ಣ ತಾಮ್ರದ ತಂಬಿಗೆ ಕೂತರೆ ಆಕಾಶವೇನು ಬೀಳುತ್ತದೆ? ಇದು ನಂಬಿಕೆ ಅಲ್ಲ, ಕ್ಷೇತ್ರ ಅಧ್ಯಯನ! ಶತ್ರುವಿನ ಕೋಟೆಯನ್ನು ಒಳಗಿನಿಂದ ನೋಡದೆ ಕೆಡವುವುದು ಹೇಗೆ? ಹೀಗೆ ತಮಗೆ ತಾವೇ ವಾದಿಸಿ, ತಾವೇ ಗೆದ್ದು, ಮಾಸ್ತರು ಬಸ್ ಹತ್ತಿದರು.

ಸಂತೆಕಲ್ಲೂರಿನಲ್ಲಿ ಮಾವನ ಮನೆಯ ಓಣಿ ತಪ್ಪಿಸಿ, ಹಿತ್ತಿಲ ಹಾದಿ ಹಿಡಿದು, ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಅಯ್ಯಮ್ಮನ ಮನೆ ಮುಟ್ಟಿದರು. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರಲ್ಲೊಬ್ಬಳು ಕಣ್ಣರಳಿಸಿ, “ಅಯ್ಯ, ನಮ್ಮೂರ ಅಳಿಯಾ ಮಾಸ್ತರಲ್ಲೇನು!” ಎಂದಳು. ಊರ ಅಳಿಯನನ್ನು ಗುರುತು ಹಿಡಿಯಲು ಮುಖವೇ ಬೇಕೆ? ಹೊಟ್ಟೆ ಸಾಕಾಯಿತು!

ಅಯ್ಯಮ್ಮ ಅವರನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಹೊಕ್ಕುಳ ಸುತ್ತ ಬೆರಳು ಒತ್ತಿ, “ಬಟ್ಟಿ ಎದಿ ಕಡಿ ಹತ್ತೈತಲ್ಲಪಾ! ಇಷ್ಟು ದಿನಾ ಏನ್ ಮಾಡಿದಿ?” ಎಂದಳು. ಜೋಳದ ಹಿಟ್ಟು ನಾದಿ ಸಣ್ಣ ಹಣತೆ ಮಾಡಿ, ಹೊಕ್ಕುಳ ಮೇಲಿಟ್ಟು, ಬತ್ತಿ ಹಚ್ಚಿದಳು. ಯಾವ ಜೋಳವನ್ನು ಮನೆಯಿಂದ ಹೊರದಬ್ಬಿದ್ದರೋ ಅದೇ ಜೋಳ ಈಗ ಹೊಟ್ಟೆಯ ಮೇಲೆ ದೀಪವಾಗಿ ಕೂತಿತು. ಅದರ ಮೇಲೆ ತಂಬಿಗೆ ಬಿತ್ತು. ದೀಪ ಆರಿತು. ಗಬಕ್! ತಂಬಿಗೆ ಮಾಸ್ತರರ ಹೊಟ್ಟೆಯನ್ನು ಸಾಲಗಾರನ ಕೊರಳಪಟ್ಟಿಯ ಹಾಗೆ ಹಿಡಿಯಿತು.

“ಎಷ್ಟೊತ್ತಿಗೆ ಬಿಡ್ತೈತಿ?” ಎಂದು ಮಾಸ್ತರು ನರಳುತ್ತ ಕೇಳಿದರು.

“ಬಟ್ಟಿ ಜಾಗಕ್ಕ ಬಂದ ಮ್ಯಾಲ ತಾನ ಬೀಳ್ತೈತಿ. ಕೈ ಹಚ್ಚಿ ತಗದಿ ಅಂದ್ರ ಬಟ್ಟಿ ಮತ್ತ ಸರದು, ಈ ಸಲ ಬೆನ್ನಿಗೇ ಹೋಗ್ತೈತಿ ನೋಡು. ಆಮ್ಯಾಲ ನನ್ನ ಕೇಳಬ್ಯಾಡ.”

ಕಾದರು. ತಂಬಿಗೆ ಅಲುಗಲಿಲ್ಲ. ಮಸ್ಕಿಯಿಂದ ಫೋನ್ ಮೇಲೆ ಫೋನ್ ಬರತೊಡಗಿತು. “ಸರ್, ಮಂದಿ ಕುಂತಾರ, ಎಲ್ಲಿದ್ದೀರಿ?”

ಓದುವವರೇ, ಇಲ್ಲೊಂದು ಮಾತು ಹೇಳಲೇಬೇಕು. ತಂಬಿಗೆಯ ಅಂಚಿನಲ್ಲಿ ಬೆರಳು ಒತ್ತಿ ಚೂರು ಗಾಳಿ ಒಳಗೆ ಬಿಟ್ಟರೆ ಸಾಕು, ಅದು ತಟ್ಟನೆ ಬಿಟ್ಟುಕೊಳ್ಳುತ್ತದೆ. ಇದು ಮಾಸ್ತರರಿಗೆ ಗೊತ್ತಿತ್ತು. ಪ್ರತಿ ವರ್ಷ ಎಂಟನೇ ಈಯತ್ತೆಗೆ ಅವರೇ ಇದನ್ನು ಪಾಠ ಮಾಡುತ್ತಿದ್ದರು. ಬೆರಳು ಅಂಚಿನ ತನಕ ಹೋಯಿತು ಕೂಡ. ಹೋದ ಬೆರಳು ಅಲ್ಲೇ ನಿಂತಿತು. ‘ಒಂದು ವೇಳೆ ಬೆನ್ನಿಗೆ ಹೋದರೆ?’ ಎಂದು ಒಳಗೆ ಯಾರೋ ಕೇಳಿದರು. ಇಲ್ಲದ ಅಂಗ ಎಲ್ಲಿಗೆ ಹೋದೀತು ಎಂದು ತಿರುಗಿ ಕೇಳುವ ಧೈರ್ಯ ಮಾಸ್ತರರಿಗಾಗಲಿಲ್ಲ. ಬೆರಳು ವಾಪಸು ಬಂತು. ಸಡಿಲ ಜುಬ್ಬಾವನ್ನು ತಂಬಿಗೆಯ ಮೇಲೆ ಎಳೆದುಕೊಂಡು, ಚೀಲವನ್ನು ಮುಂದೆ ಹಿಡಿದುಕೊಂಡು ಅವರು ಮಸ್ಕಿಯ ಟಂಟಂ ಹತ್ತಿದರು.

ಟಂಟಂ ತುಂಬ ಜನ. ತಗ್ಗಿನಲ್ಲಿ ಗಾಡಿ ಎಗರಿದಾಗ ಪಕ್ಕದ ದಾವಲ್‌ಸಾಬ್ ಎಂಬ ಮುದುಕರ ಮೊಣಕೈ ಮಾಸ್ತರರ ಹೊಟ್ಟೆಗೆ ಬಡಿಯಿತು. ಠಣ್!

ಮುದುಕರು ಮೊಣಕೈ ತಿಕ್ಕಿಕೊಳ್ಳುತ್ತ, “ಯಾ ಅಲ್ಲಾ! ಭಾಳ ಗಟ್ಟಿ ಹೊಟ್ಟಿ ಐತಲ್ರಿ ಮಾಸ್ತರ!” ಎಂದರು.

“ದಿನಾ ವ್ಯಾಯಾಮ ಮಾಡ್ತೀನ್ರಿ,” ಎಂದರು ಮಾಸ್ತರು, ಹೊರಗೆ ನೋಡುತ್ತ.

ಮಸ್ಕಿಯ ಸಭಾಭವನದಲ್ಲಿ ಹೆಣ್ಣುಮಕ್ಕಳು ಕಿಕ್ಕಿರಿದಿದ್ದರು. ಸಂಘದ ಅಧ್ಯಕ್ಷೆ ಉಮಾದೇವಿಯವರು ಹಾರ ಹಾಕಲು ಬಂದರೆ ಮಾಸ್ತರು ಮಾರು ದೂರ ಹಿಂದೆ ಸರಿದು, ಕೊರಳನ್ನಷ್ಟೇ ಮುಂದೆ ಚಾಚಿದರು. “ಎಷ್ಟು ವಿನಯ ನೋಡ್ರಿ!” ಎಂದು ಉಮಾದೇವಿಯವರು ಮೈಕಿನಲ್ಲೇ ಹೊಗಳಿದರು. ಮಾಸ್ತರು ಸಭೆಯ ಕಡೆ ತಿರುಗಿದರು. ಮೂರನೆಯ ಸಾಲಿನಲ್ಲಿ ಅನುಪಮಾ ಕೂತಿದ್ದಳು! ಬೆಳಗ್ಗೆ ಗಂಡನ ಮುಖ ಬಾಡಿದ್ದು ನೋಡಿ, ದಾರಿಯಲ್ಲಿ ಏನಾದರೂ ಆದೀತೆಂದು ಹೆದರಿ, ಹಿಂದಿನಿಂದಲೇ ಬಸ್ ಹಿಡಿದು ಬಂದಿದ್ದಳು. ಮಡಿಲಲ್ಲಿ ಬಿಸಿನೀರಿನ ಬಾಟಲಿ ಇತ್ತು.

ಭಾಷಣ ಶುರುವಾಯಿತು. ಹೊಟ್ಟೆಯ ಭಾಷಣವೂ ಶುರುವಾಯಿತು. ಮೊದಲಾದರೆ ಗುಡುಗುಡು ಅಷ್ಟೇ. ಈಗ ತಾಮ್ರದ ತಂಬಿಗೆಯೊಳಗೆ ಅದು ಸುತ್ತಿ, ಮೊಳಗಿ, “ಭೂಂಊಂ…” ಎಂದು ಮೈಕಿಗೆ ಮುಟ್ಟಿತು. ಮೈಕಿನವನು ಓಡಿಬಂದು ವೈರು ಅಲುಗಾಡಿಸಿದ. “ಭೂಂಊಂ…” ಅವನು ಸ್ಪೀಕರಿನ ಡಬ್ಬಿಯನ್ನೇ ಬದಲಿಸಿದ. ಮಾಸ್ತರು ದನಿ ಏರಿಸಿದರು. ಅದೂ ಏರಿಸಿತು.

ಕೊನೆಗೆ ಪ್ರಯೋಗ. ತಟ್ಟೆಯ ನೀರಿನಲ್ಲಿ ಮೊಂಬತ್ತಿ ನಿಲ್ಲಿಸಿ, ಹಚ್ಚಿ, ಮೇಲೆ ಗ್ಲಾಸು ಬೋರಲು ಹಾಕಿದರು. ಮೊಂಬತ್ತಿ ಆರಿತು, ನೀರು ಗ್ಲಾಸಿನೊಳಗೆ ಸರಸರ ಏರಿತು. ಚಪ್ಪಾಳೆ!

“ಅವ್ವಂದಿರ, ಅಕ್ಕಂದಿರ! ಬಟ್ಟಿ ತಂಬಗಿ ಗುಟ್ಟು ಇಷ್ಟ! ದೇವ್ರೂ ಇಲ್ಲ, ದೆವ್ವಾನೂ ಇಲ್ಲ, ಹೊರಗಿನ ಗಾಳಿ ಒತ್ತಡ! ಅಂಚಿಗೆ ಒಂದ್ ಬೆರಳು ಒತ್ತಿದ್ರ ಸಣ್ಣ ಕೂಸೂ ತಗೀಬಹುದು. ತಗದ್ರ ಬಟ್ಟಿ ಬೆನ್ನಿಗೆ ಹೋಗ್ತೈತಿ ಅಂತ ಹೆದರಸ್ತಾರ. ಅದನ್ನ ನಂಬೋರಿಗೆ ಏನನ್ನಬೇಕು? ಮೂರ್ಖರು ಅನ್ನಬೇಕು! ಶತಮೂರ್ಖರು!”

ಎರಡನೆಯ ‘ಮೂರ್ಖರು’ಗೆ ಕೈ ಎತ್ತಿ, ಉಸಿರು ಎಳೆದು, ಒತ್ತಿ ಹೇಳುವಷ್ಟರಲ್ಲಿ ಒಳಗಿನಿಂದ ಒಂದು ಭಯಂಕರ ತೇಗು ಎದ್ದಿತು. ಹೊಟ್ಟೆ ಒಮ್ಮೆ ಅದುರಿತು. ಎಲ್ಲೋ ಸಂದಿನಲ್ಲಿ ಗಾಳಿ ನುಗ್ಗಿತು. ಪಕ್! ಠಣ್! ಠಣಠಣಠಣ… ಜುಬ್ಬಾದ ಕೆಳಗಿನಿಂದ ತಂಬಿಗೆ ಬಿದ್ದು, ವೇದಿಕೆಯ ಮೇಲೆ ಉರುಳಿ, ಉಮಾದೇವಿಯವರ ಕಾಲ ಬಳಿ ಹೋಗಿ ನಿಂತಿತು. ಅದರ ಹಿಂದೆಯೇ ಜೋಳದ ಹಿಟ್ಟಿನ ಹಣತೆ, ಕರಕಲು ಬತ್ತಿಯ ಸಮೇತ.

ಉಮಾದೇವಿಯವರು ಪಾಪದ ಹೆಣ್ಣುಮಗಳು. ಇದೂ ಪ್ರಯೋಗದ ಭಾಗವೆಂದೇ ತಿಳಿದು ತಂಬಿಗೆ ಎತ್ತಿಕೊಂಡು, ಅದರ ಕೊರಳ ಸುತ್ತ ಕೆತ್ತಿದ್ದ ಅಕ್ಷರಗಳನ್ನು ಮೈಕಿನಲ್ಲಿ ಓದಿದರು. “ಅನುಪಮಾಗೆ, ತವರು ಮನೆಯಿಂದ, ಸಂತೆಕಲ್ಲೂರು. ಯಾರದ್ರಿ ಇದು?”

ಮಸ್ಕಿಯ ಜನಕ್ಕೆ ಶಾಸನ ಹೊಸದಲ್ಲ. ಗುಡ್ಡದ ಬಂಡೆಯ ಮೇಲೆ ಅಶೋಕನ ಹೆಸರು ಕೆತ್ತಿದ ಊರು ಅದು. ಇಷ್ಟು ಶತಮಾನಗಳ ಮೇಲೆ ಊರಿಗೆ ಎರಡನೆಯ ಶಾಸನ ಸಿಕ್ಕಿತು, ಅದೂ ಮಾಸ್ತರರ ಜುಬ್ಬಾದೊಳಗಿಂದ! ನಗು ಒಂದು ಮೂಲೆಯಲ್ಲಿ ಹುಟ್ಟಿ, ಇನ್ನೊಂದು ಮೂಲೆ ಮುಟ್ಟಿ, ಫ್ಯಾನಿನ ತನಕ ಏರಿತು.

ಆ ನಗುವಿನ ನಡುವೆ ಅನುಪಮಾ ಎದ್ದು ನಿಂತಳು. ಸೀದಾ ವೇದಿಕೆಗೆ ಬಂದು, “ನಂದ್ರಿ,” ಎಂದು ತಂಬಿಗೆ ಇಸಿದುಕೊಂಡು, ಸೆರಗಿನಿಂದ ಮಸಿ ಒರೆಸಿದಳು. ಗಂಡನ ಕಡೆ ನೋಡಲಿಲ್ಲ. ಮಾಸ್ತರರಿಗೆ ಭೂಮಿ ಬಾಯಿ ತೆರೆದು ನುಂಗಬಾರದೇ ಅನಿಸಿತು. ಸಾಲಿಗೆ ಸಾಲೇ ನಕ್ಕಾಗ ಒಬ್ಬಳೇ ನಗದೆ ಕೂತವಳ ಮುಖ ಹೇಗಿತ್ತೆಂದು ಅವರಿಗೆ ಆಗ ನೆನಪಾಯಿತು.

ಹೊರಗೆ ಬಂದಾಗ ಸಿಂಧನೂರಿನ ಬಸ್ಸೂ ನಿಂತಿತ್ತು, ಲಿಂಗಸುಗೂರಿನ ಬಸ್ಸೂ ನಿಂತಿತ್ತು. ಅನುಪಮಾ ಸೀದಾ ಲಿಂಗಸುಗೂರಿನ ಬಸ್ ಹತ್ತಿದಳು. ಮಾಸ್ತರು ಚೀಲ ಅವುಚಿಕೊಂಡು ಹಿಂದೆ ಹತ್ತಿದರು. ಊರು ದಾಟಿದ ಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು.

“ಬೆರಳು ಒತ್ತಿ ತಗೀಬಹುದು ಅಂತ ಎಲ್ಲಾರಿಗೂ ಹೇಳಿದ್ರಿ. ನೀವ್ಯಾಕ ತಗೀಲಿಲ್ಲ?”

ಮಾಸ್ತರು ಕಿಟಕಿಯ ಕಡೆ ತಿರುಗಿ, ಕಂಡಕ್ಟರನಿಗೂ ಕೇಳದಷ್ಟು ಸಣ್ಣ ದನಿಯಲ್ಲಿ, “ಬೆನ್ನಿಗೆ ಹೋದ್ರ ಅಂತ ಹೆದರಿಕಿ ಆತು,” ಎಂದರು.

ಅನುಪಮಾ ತುಟಿ ಬಿಗಿ ಹಿಡಿದಳು. ಸಂತೆಕಲ್ಲೂರಿನ ತನಕ ಹಿಡಿದಳು. ಆಮೇಲೆ ತಡೆಯಲಾಗದೆ, ತಂಬಿಗೆಯನ್ನು ಎದೆಗವಚಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಲಿಂಗಸುಗೂರಿನ ಡಾಕ್ಟರ್ ಅಂಬಿಕಾ ಐತವಾರವೂ ರೋಗಿಗಳನ್ನು ನೋಡುತ್ತಿದ್ದರು. ಹೊಟ್ಟೆಯ ಮೇಲೆ ಮೂಡಿದ್ದ ಕೆಂಪು ಬಳೆಯನ್ನು ನೋಡಿ ಏನೂ ಕೇಳಲಿಲ್ಲ. ಅವರೂ ಈ ಸೀಮೆಯವರೇ, ಅರ್ಥವಾಗಿರಬೇಕು.

“ಔಷಧಿ ಏನಾದ್ರೂ ತಗೊಳ್ತೀರೇನ್ರಿ?”

“ಛೆ ಛೆ, ಏನೂ ಇಲ್ಲ,” ಎಂದರು ಮಾಸ್ತರು.

ಅನುಪಮಾ ಗಂಡನ ಜೇಬಿಗೆ ಕೈ ಹಾಕಿ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಅದರ ಜೊತೆ ಒಂದು ಚಾಕ್‌ಪೀಸೂ ಬಂತು.

ಒಂದು ಪರೀಕ್ಷೆ ಮಾಡಬೇಕೆಂದು ಡಾಕ್ಟರರು ಇನ್ನೊಂದು ದಿನ ಬರಹೇಳಿದರು. ಹಿಂದಿನ ದಿನ ಬರೀ ಬಿಳಿ ಅನ್ನ, ಆಮೇಲೆ ಉಪವಾಸ. ಬಂದ ಮೇಲೆ ಒಂದು ಸಿಹಿ ನೀರು ಕುಡಿಸಿ, ಆಗಾಗ ಒಂದು ಕೊಳವೆಯಲ್ಲಿ ಊದಲು ಹೇಳಿದರು. ತಮ್ಮ ತುತ್ತೂರಿ ತಾವೇ ಊದಿಕೊಂಡು ರೂಢಿಯಿದ್ದುದರಿಂದ ಮಾಸ್ತರರಿಗೆ ಅದೇನೂ ಕಷ್ಟವಾಗಲಿಲ್ಲ. ಉಸಿರಿನಲ್ಲಿ ಹೈಡ್ರೋಜನ್ ಏರಬೇಕಾದ್ದಕ್ಕಿಂತ ಬೇಗ ಏರಿತ್ತು.

“ನೋಡ್ರಿ ಮಾಸ್ತರ,” ಎಂದರು ಡಾಕ್ಟರ್ ಅಂಬಿಕಾ. “ದೊಡ್ಡ ಕರುಳಿನಾಗ ಬ್ಯಾಕ್ಟೀರಿಯಾ ರಾಶಿಗಟ್ಟಲೆ ಇರ್ತಾವ, ಅದು ಸಹಜ. ಸಣ್ಣ ಕರುಳಿನಾಗ ಅವು ಕಡಿಮಿ ಇರಬೇಕು. ನಿಮಗ ಅಲ್ಲೇ ಹೆಚ್ಚಾಗ್ಯಾವ. ನೀವು ಉಂಡಿದ್ದನ್ನ ನಿಮಗಿಂತ ಮೊದಲು ಅವು ಉಣ್ತಾವ. ಅವು ಬಿಟ್ಟ ಗಾಳಿನ ನಿಮ್ಮ ಹೊಟ್ಟಿ ಉಬ್ಬರ. ಬಿ ಹನ್ನೆರಡು ವಿಟಮಿನ್ನೂ ಅವೇ ನುಂಗ್ಯಾವ, ಅದಕ್ಕ ಕಾಲು ಜುಮ್ ಅಂತಾವ, ಸುಸ್ತು ಆಗ್ತೈತಿ.”

“ಹಂಗಾದ್ರ ರೊಟ್ಟಿ…?”

“ರೊಟ್ಟಿದೇನ್ ತಪ್ಪು? ರೊಟ್ಟಿ, ಬ್ಯಾಳಿ, ಉಳ್ಳಾಗಡ್ಡಿ ಸಿಕ್ರ ಅವಕ್ಕ ಹಬ್ಬ. ಅನ್ನಾ ಲಗೂನ ಅರಗ್ತೈತಿ, ಅವಕ್ಕ ಉಳಿಯೋದು ಕಡಿಮಿ. ಅದಕ್ಕ ಅನ್ನಾ ಉಂಡಾಗ ಆರಾಮ ಅನಿಸ್ತಿತ್ತು. ಉಬ್ಬರಕ್ಕ ಕಾರಣ ಊಟ ಅಲ್ಲ, ಒಳಗ ಸೇರಿದ ಬಿಟ್ಟಿ ಬೀಗರು.”

“ಅವು ಅಲ್ಲಿಗೆ ಬಂದದ್ದು ಹೆಂಗ್ರಿ?” ಎಂದು ಅನುಪಮಾ ಕೇಳಿದಳು.

ಡಾಕ್ಟರರು ಗುಳಿಗೆಯ ಪಟ್ಟಿ ಎತ್ತಿ ಹಿಡಿದರು. “ಕಾರಣ ಹಲವು ಇರ್ತಾವ. ಸಕ್ಕರೆ ಕಾಯಿಲೆ, ಹಳೇ ಆಪರೇಶನ್, ಏನೇನೋ. ಇವರಿಗೆ ಅವ್ಯಾವೂ ಇಲ್ಲ. ಹೊಟ್ಟಿ ಆಮ್ಲ ಅನ್ನೋದು ಬಾಗಲಾ ಕಾಯೋ ಆಳಿದ್ದಂಗ. ಬೇಕಾದವರಿಗೆ ಈ ಗುಳಿಗಿ ಬೇಕಾ ಬೇಕು, ಅದು ಕೆಟ್ಟದ್ದಲ್ಲ. ಆದ್ರ ಯಾರಿಗೂ ಕೇಳದ ವರ್ಷಗಟ್ಟಲೆ ನುಂಗಿ ಮಾಸ್ತರು ಆ ಆಳಿಗೆ ದಿನಾ ಮುಂಜಾನೆ ಜೋಗುಳಾ ಹಾಡ್ಯಾರ.”

ಅಲ್ಲಿಗೆ ಮುಗಿಯಿತು. ಜೀರ್ಣಾಂಗವ್ಯೂಹದ ಜಿಲೇಬಿ ಸುತ್ತುವ ಮಾಸ್ತರು ತಮ್ಮ ಹವಾಯಿ ಚಪ್ಪಲಿಯ ಬಾರನ್ನೇ ನೋಡುತ್ತ ಕೂತರು. ಅನುಪಮಾ “ನಾ ಹೇಳಿರಲಿಲ್ಲ?” ಎಂದು ಒಂದು ಮಾತು ಅಂದಿದ್ದರೂ ಅವರಿಗೆ ಹಗುರಾಗುತ್ತಿತ್ತು.

ಡಾಕ್ಟರರು ಬರೆದ ಔಷಧಿಗೆ ಬಿಟ್ಟಿ ಬೀಗರು ಜಾಗ ಖಾಲಿ ಮಾಡತೊಡಗಿದರು. ಹಳೆಯ ಗುಳಿಗೆಯನ್ನು ಡಾಕ್ಟರರು ಹೇಳಿದ ಹಾಗೆ ಮೆಲ್ಲಗೆ ಬಿಡಿಸಲಾಯಿತು. ವಿಟಮಿನ್ನಿನ ಸೂಜಿ ಬಿದ್ದು ಕಾಲಿನ ಇರುವೆಗಳು ಇಳಿದವು. ನಗಾರಿ ಹಲಗೆಯಾಯಿತು. ಮಾಸ್ತರು ನಾಚಿಕೆ ನುಂಗಿಕೊಂಡು ಸ್ಟಾಫ್‌ರೂಮಿನಲ್ಲಿ, “ನಾ ಕೊಟ್ಟ ಗುಳಿಗಿ ಯಾರೂ ನುಂಗಬ್ಯಾಡ್ರಿ, ಡಾಕ್ಟರಿಗೆ ಕೇಳ್ರಿ,” ಎಂದು ಹೇಳಿದರು.

ಅದಕ್ಕೆ ಯಂಕೋಬ ಕಣ್ಣು ಮಿಟುಕಿಸಿದರು. “ಗೊತ್ತೈತಿ ಬಿಡ್ರಿ ಸರ್. ಈಗ ಗುಳಿಗಿ ಯಾಕ ಬೇಕು? ಅಯ್ಯಮ್ಮ ಅದಾಳ! ನಾವೂ ಈ ಐತವಾರ ಹೊಂಟೀವಿ, ಮನಿ ತಂಬಗಿ ತಗೊಂಡು.”

ವಿಚಾರಿಸಿದರೆ ಸುದ್ದಿ ಊರೆಲ್ಲ ಹಬ್ಬಿತ್ತು. ಸೈನ್ಸ್ ಮಾಸ್ತರು ತಂಬಿಗೆ ಹಚ್ಚಿಸಿಕೊಂಡರು, ತಂಬಿಗೆ ತಾನಾಗಿ ಬಿತ್ತು, ಹೊಟ್ಟೆ ಇಳಿಯಿತು. ನಡುವೆ ಬಂದ ಲಿಂಗಸುಗೂರು ಯಾರ ಬಾಯಲ್ಲೂ ಇರಲಿಲ್ಲ. ಅಯ್ಯಮ್ಮನ ಬಣ್ಣ ಬಯಲು ಮಾಡಲು ಹೊರಟವರು ಅವಳ ಮನೆಗೆ ಹೊಸ ಬಣ್ಣ ಬಳಿಸುವಷ್ಟು ಗಿರಾಕಿ ತಂದುಕೊಟ್ಟಿದ್ದರು!

ಐತವಾರ ಅವರು ಸಂತೆಕಲ್ಲೂರಿಗೆ ಓಡಿದರು. ಈ ಸಲ ಕರ್ಚೀಫು ಕಟ್ಟಲಿಲ್ಲ, ಹಿತ್ತಿಲ ಹಾದಿ ಹಿಡಿಯಲಿಲ್ಲ. ಕಟ್ಟೆಯ ತುಂಬ ಜನ, ಜನರ ಕೈಯಲ್ಲೆಲ್ಲ ತಂಬಿಗೆ. ಮಾಸ್ತರು ಅಂಗಳದಲ್ಲಿ ನಿಂತು ಕೈ ಮುಗಿದರು.

“ಕೇಳ್ರಿ! ನನಗ ಗುಣಾ ಆಗಿದ್ದು ತಂಬಗಿಂದಲ್ಲ. ಹೊಟ್ಟಿ ಕೆಡಿಸ್ಕೊಂಡವ ನಾನ. ಡಾಕ್ಟರಿಗೆ ಕೇಳದ ಗುಳಿಗಿ ನುಂಗಿದೆ, ತಪ್ಪನ್ನ ಹೇಣ್ತಿ ರೊಟ್ಟಿ ಮ್ಯಾಲ ಹಾಕಿದೆ. ಸಣ್ಣ ಕರುಳಿನಾಗ ಬ್ಯಾಕ್ಟೀರಿಯಾ ತುಂಬಿದ್ವು. ಲಿಂಗಸುಗೂರ ಡಾಕ್ಟರ್ ಔಷಧಿ ಕೊಟ್ಟು ಗುಣಾ ಮಾಡ್ಯಾರ. ನಾನು ಮೂರ್ಖ! ಶತಮೂರ್ಖ!”

ಒಬ್ಬ ಮುದುಕಿ ಪಕ್ಕದವಳಿಗೆ, “ಪಾಪ, ನಾಚ್ಕೊಂತಾನ. ಓದಿದವರು ಹಂಗವ್ವಾ, ಗುಣಾ ಆದ ಮ್ಯಾಲ ಒಪ್ಪಂಗಿಲ್ಲ,” ಎಂದಳು.

ಅಯ್ಯಮ್ಮ ಒಳಗಿನಿಂದ ಇಣುಕಿ, ತಾಯಿಯ ಪ್ರೀತಿಯಿಂದ ಕೇಳಿದಳು. “ಹೊಟ್ಟಿ ಇಳದೈತಿಲ್ಲಪಾ ಅಳ್ಯಾ?”

“ಇಳದೈತಿ, ಆದ್ರ…”

“ಸಾಕ್ ಬಿಡು. ಆದ್ರ ಗೀದ್ರ ಯಾಕ?” ಎಂದು ಅವಳು ಮುಂದಿನವರನ್ನು ಕರೆದಳು. ಮುಂದಿನವರು ಯಂಕೋಬ.

ಮಾಸ್ತರು ಮನೆಗೆ ಬಂದು ಪಡಸಾಲೆಯಲ್ಲಿ ಕುಸಿದು ಕೂತರು. ಅಡುಗೆಮನೆಯಿಂದ ತಟತಟ ಸಪ್ಪಳ ಕೇಳುತ್ತಿತ್ತು. ಡಾಕ್ಟರರು ಹಿಂದಿನ ದಿನವಷ್ಟೇ ರೊಟ್ಟಿಗೆ ಪರವಾನಗಿ ಕೊಟ್ಟಿದ್ದರು.

“ಯಾರೂ ನಂಬಲಿಲ್ಲ ಅನು,” ಎಂದರು ಅವರು, ಅಳುವ ದನಿಯಲ್ಲಿ. “ಇದ್ದದ್ದು ಇದ್ದಂಗ ಹೇಳಿದೆ. ಕೈ ಮುಗದು ಹೇಳಿದೆ. ಒಬ್ಬರರೆ ನಂಬಬೇಕಿಲ್ಲ? ನಕ್ಕು ಕಳಿಸಿದ್ರು.”

“ಖರೇ ಮಾತು ಹೇಳಿದ್ರೂ ನಂಬದ ನಕ್ರ ಹೆಂಗ ಅನಿಸ್ತೈತ್ರಿ?”

“ಭಾಳ ಕೆಟ್ಟ ಅನಿಸ್ತೈತಿ.”

“ಹೌದಲ್ಲ?” ಅನುಪಮಾ ತಾಟಿನಲ್ಲಿ ಬಿಸಿ ರೊಟ್ಟಿ ಹಾಕಿ, ಪಕ್ಕದಲ್ಲಿ ಆ ತಾಮ್ರದ ತಂಬಿಗೆಯ ತುಂಬ ನೀರಿಟ್ಟಳು. “ನನಗೂ ಎರಡು ವರ್ಷ ಹಂಗ ಅನಿಸಿತ್ತು. ಉಣ್ರಿ, ಆರಿ ಹೋಗ್ತೈತಿ.”

ಮಾಸ್ತರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ಯಾವ ಮಾತಿಗೂ ತಾನೇ ಮೊದಲು ಉತ್ತರ ಕೊಡುತ್ತಿದ್ದ ಹೊಟ್ಟೆ ಕೂಡ ಈ ಸಲ ಅವರ ಪರವಾಗಿ ಒಂದು ಮಾತೂ ಆಡಲಿಲ್ಲ.